ಸೆರ್ರಲುಂಗಾದ ಇಳಿಜಾರಿನಲ್ಲಿ ದ್ರಾಕ್ಷಿ ಕೊಯ್ಲು

ಟ್ಯೂರಿನ್‌ನಲ್ಲಿ ಓದುತ್ತಿದ್ದಾಗ, ಸಹಪಾಠಿಯೊಬ್ಬಳ ಆಹ್ವಾನದ ಮೇರೆಗೆ, ಅಕ್ಟೋಬರ್ ತಿಂಗಳ ಒಂದು ಶನಿವಾರ ಅವಳ ಮನೆಯ ದ್ರಾಕ್ಷಿ ಕೊಯ್ಲು ನೋಡಲು ಹೋಗಿದ್ದೆ. ವಾಯವ್ಯ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದಲ್ಲಿ, ಲಾಂಗೆ ಗುಡ್ಡಗಳ ನಡುವಿನ ಸೆರ್ರಲುಂಗಾ ದಾಲ್ಬಾ ಅವರ ಊರು. ಬರೋಲೊ ಎಂಬ ಕೆಂಪು ವೈನನ್ನು ಆ ಹೆಸರಿನಲ್ಲಿ ಮಾರುವ ಹಕ್ಕು ಇರುವ 11 ಗ್ರಾಮಗಳಲ್ಲಿ ಇದೂ ಒಂದು.

ಬರೋಲೊ ತಯಾರಾಗುವುದು ನೆಬ್ಬಿಯೋಲೊ ತಳಿಯೊಂದರಿಂದಲೇ. ಬೇಗ ಚಿಗುರಿ ತಡವಾಗಿ ಮಾಗುವ ಈ ಬಳ್ಳಿಗೆ ಬಿಸಿಲು ಹೆಚ್ಚು ಹೊತ್ತು ಬೇಕಾದ್ದರಿಂದ, ದಕ್ಷಿಣಕ್ಕೆ ಮುಖಮಾಡಿದ ಒಳ್ಳೆಯ ಇಳಿಜಾರುಗಳನ್ನೆಲ್ಲ ಇದಕ್ಕೇ ಬಿಟ್ಟುಕೊಟ್ಟಿದ್ದಾರೆ. ಚಿಕ್ಕಬಳ್ಳಾಪುರದ ಕಡೆ ತಲೆಯ ಮೇಲಿನ ಚಪ್ಪರದಲ್ಲಿ ತೂಗುವ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ನೋಡಿ ಬೆಳೆದ ನನಗೆ, ತಂತಿಗೆ ಕಟ್ಟಿದ ಬಳ್ಳಿಗಳ ಸಾಲಿನಲ್ಲಿ ಮೊಣಕಾಲೆತ್ತರಕ್ಕೆ ಬಾಗಿ ಗೊಂಚಲು ಹುಡುಕುವುದೇ ಹೊಸತಾಗಿತ್ತು.

"ಹಿಂಬದಿಯನ್ನು ನೋಡದೆ ಕ್ರೇಟಿಗೆ ಹಾಕಬೇಡಮ್ಮ" ಎಂದು ಗೆಳತಿಯ ತಂದೆ ಒಂದು ಗೊಂಚಲನ್ನು ಕತ್ತರಿಸಿ ತಿರುಗಿಸಿ ತೋರಿಸಿದರು. ಮುಂಬದಿಯಲ್ಲಿ ಬೂದಿ ಸವರಿದಂತಿದ್ದ ಕಡುನೀಲಿ ಕಾಯಿಗಳೆಲ್ಲ ಚೆನ್ನಾಗಿಯೇ ಇದ್ದವು. ಎಲೆಯ ನೆರಳಿಗೆ ತಾಗಿಕೊಂಡಿದ್ದ ಹಿಂಬದಿಯಲ್ಲಿ ನಾಲ್ಕೈದು ಕಾಯಿ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು. ಕತ್ತರಿಯ ತುದಿಯಿಂದ ಅಷ್ಟನ್ನೇ ಬಿಡಿಸಿ ನೆಲಕ್ಕೆ ಬೀಳಿಸಿ, ಉಳಿದುದನ್ನು ಅವರು ಕ್ರೇಟಿನಲ್ಲಿ ಮಲಗಿಸಿದರು. ಪ್ರತಿಯೊಂದು ಗೊಂಚಲಿಗೂ ಇದೇ ಪರೀಕ್ಷೆ. ಕಾಯಿದೆಯು ಹೆಕ್ಟೇರಿಗೆ 8 ಟನ್ ದ್ರಾಕ್ಷಿಯವರೆಗೆ ಅವಕಾಶ ಕೊಟ್ಟರೂ, ಇವರು ಬೇಸಿಗೆಯಲ್ಲೇ ಎಷ್ಟೋ ಹಸಿ ಗೊಂಚಲುಗಳನ್ನು ಕತ್ತರಿಸಿ ಕೆಡವಿ, ಬಳ್ಳಿಯ ಸತ್ವವೆಲ್ಲ ಉಳಿದವುಗಳಿಗೆ ಸೇರುವಂತೆ ಮಾಡುತ್ತಾರೆ.

ನೆಲಮಾಳಿಗೆಯಲ್ಲಿ ಆಳೆತ್ತರದ ಓಕ್ ಮರದ ಪೀಪಾಯಿಗಳ ಮುಂದೆ ನಿಂತಾಗ, ಸಣ್ಣ ತಯಾರಕರ ನಿಜವಾದ ಕಷ್ಟ ನನಗೆ ಅರ್ಥವಾಯಿತು. ಬರೋಲೊ ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದಲ್ಲಿ, ಹದಗೊಳ್ಳಲೇಬೇಕು. ಎಂದರೆ ಮೂರು ಸುಗ್ಗಿಗಳ ದುಡಿಮೆ ಸದಾ ಮಾರಲಾಗದ ಸರಕಾಗಿ ಮಾಳಿಗೆಯಲ್ಲೇ ಕುಳಿತಿರುತ್ತದೆ. ಅಷ್ಟು ಕಾಲ ಮನೆ ನಡೆಯುವುದು ಮರುವರ್ಷವೇ ಬಾಟಲಿಗೆ ಹೋಗುವ ಡೋಲ್ಚೆಟೊ ವೈನಿನಿಂದ ಮತ್ತು ಗುಡ್ಡದ ತಗ್ಗಿನಲ್ಲಿರುವ ಹೇಜಲ್‌ನಟ್ ತೋಟದಿಂದ. ಬರೋಲೊವನ್ನು ಹೊಗಳುವವರು ಈ ಎರಡು ಬೆಳೆಗಳನ್ನೂ ನೆನೆಯಬೇಕೆಂಬುದು ನನ್ನ ಅಭಿಪ್ರಾಯ.

ಮಧ್ಯಾಹ್ನದ ಊಟಕ್ಕೆ ಹಳೆಯ ಬಾಟಲಿಯೊಂದನ್ನು ತೆರೆದರು. ಕೆಂಪು ವೈನ್ ಎಂದರೆ ಗಾಢವಾಗಿರಬೇಕೆಂದುಕೊಂಡವರಿಗೆ ಇದರ ಬಣ್ಣ ತೆಳುವೆನಿಸುತ್ತದೆ; ಲೋಟದ ಆಚೆಗಿನ ಬೆರಳು ಕಾಣುತ್ತಿತ್ತು. ಮೂಗಿಗೆ ಒಣಗಿದ ಗುಲಾಬಿಯ ಪರಿಮಳ, ನಾಲಿಗೆಗೆ ಬಲವಾದ ಒಗರು. ಟೋಮಾ ಚೀಸಿನ ತುಣುಕೊಂದನ್ನು ತಿಂದು ಮತ್ತೆ ಗುಟುಕರಿಸಿದಾಗ ಆ ಒಗರು ಮೃದುವಾಗಿ, ಹಣ್ಣಿನ ರುಚಿ ಮುಂದೆ ಬಂತು.

ಊಟದ ನಡುವೆ ಮಾತು ಜಮೀನಿನ ಕಡೆಗೆ ಹೊರಳಿತು. 2014ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಗುಡ್ಡಗಳಲ್ಲಿ ಭೂಮಿಯ ಬೆಲೆ ಎಷ್ಟು ಏರಿದೆಯೆಂದರೆ, ಅಣ್ಣತಮ್ಮಂದಿರಲ್ಲಿ ಒಬ್ಬರು ಪಾಲು ಕೇಳಿದರೂ ಉಳಿದವರಿಗೆ ಅದನ್ನು ಕೊಂಡುಕೊಳ್ಳುವ ಶಕ್ತಿ ಇರುವುದಿಲ್ಲ. ಕೊನೆಗೆ ತೋಟವೇ ಹೊರಗಿನ ಬಂಡವಾಳಗಾರರ ಪಾಲಾಗುತ್ತದೆ. ಗೆಳತಿಯ ತಮ್ಮ ಆಲ್ಬಾದಲ್ಲಿ 1881ರಲ್ಲಿ ಆರಂಭವಾದ ವೈನ್ ಶಾಲೆಯಲ್ಲಿ ಕಲಿಯುತ್ತಿದ್ದಾನೆ. ಎಂಜಿನಿಯರಿಂಗ್ ಓದುತ್ತಿರುವ ಅವಳು, ಎಲ್ಲಿ ನೆಲೆಸಿದರೂ ತನ್ನ ಪಾಲನ್ನು ಮಾರುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದಾಳೆ.