ವಿದ್ಯಾರ್ಥಿ ಪಾಸು ಮತ್ತು ವಿಮಾನ ನಿಲ್ದಾಣದ ರೈಲು

ಓದಲೆಂದು ಬೇರೆ ದೇಶಕ್ಕೆ ಹೊರಟವರು ವೀಸಾ, ಶುಲ್ಕ, ವಸತಿ ಎಂದು ನೂರೆಂಟು ವಿಷಯಗಳನ್ನು ವಿಚಾರಿಸುತ್ತಾರೆ. ವಿಮಾನ ಇಳಿದ ಮೇಲೆ ಊರೊಳಗೆ ಹೋಗುವ ರೈಲಿನ ದರದ ಬಗ್ಗೆ ವಿಚಾರಿಸುವವರು ಕಡಿಮೆ. ನೋಂದಾಯಿತ ವಿದ್ಯಾರ್ಥಿಗಳಿಗೆಲ್ಲ ನಗರ ಸಾರಿಗೆಯ ಪಾಸು ಉಂಟು ಎಂದು ವಿಶ್ವವಿದ್ಯಾಲಯವೇ ಹೇಳಿರುವಾಗ, ವಿಮಾನ ನಿಲ್ದಾಣದ ರೈಲೂ ಅದರಲ್ಲಿ ಸೇರಿರಬೇಕು ಎಂದುಕೊಳ್ಳುವುದು ಸಹಜವೇ. ಕೆಲವು ನಗರಗಳಲ್ಲಿ ಅದು ಸೇರಿದೆ, ಕೆಲವು ಕಡೆ ಸೇರಿಲ್ಲ. ಇನ್ನು ಕೆಲವು ಕಡೆ ನಿಯಮದ ಪ್ರಕಾರ ಸೇರಿದ್ದರೂ, ವಿದ್ಯಾರ್ಥಿ ನಿಜವಾಗಿ ವಿಮಾನ ಇಳಿಯುವ ದಿನ ಆ ಪಾಸು ಅವನ ಕೈಯಲ್ಲಿ ಇರುವುದೇ ಇಲ್ಲ. ಈ ಮೂರನೆಯ ಸಂಗತಿಯ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕೆನಡಾದ ವ್ಯಾಂಕೂವರ್ ಇದಕ್ಕೆ ಒಳ್ಳೆಯ ಉದಾಹರಣೆ. 2010ರ ಚಳಿಗಾಲದ ಒಲಿಂಪಿಕ್ಸ್‌ಗೆ ಮುಂಚೆ, 2009ರ ಆಗಸ್ಟ್‌ನಲ್ಲಿ ಅಲ್ಲಿ ಕೆನಡಾ ಲೈನ್ ಎಂಬ ರೈಲು ಮಾರ್ಗ ಆರಂಭವಾಯಿತು. ಅದರ ಒಂದು ಕವಲು ಸೀ ಐಲೆಂಡ್ ಎಂಬ ದ್ವೀಪದ ಮೇಲಿರುವ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. 2010ರ ಜನವರಿಯಿಂದ, ಆ ದ್ವೀಪದ ಮೂರು ನಿಲ್ದಾಣಗಳಲ್ಲಿ ಯಾವುದರಿಂದಲಾದರೂ ರೈಲು ಹತ್ತಿ ನಗರದ ಕಡೆಗೆ ಹೋಗುವವರು ಮಾಮೂಲಿ ದರದ ಮೇಲೆ 'ಆ್ಯಡ್‌ಫೇರ್' ಎಂಬ ಹೆಚ್ಚುವರಿ ಹಣ (ಆರಂಭದಲ್ಲಿ 5 ಡಾಲರ್) ಕೊಡಬೇಕಾಗಿದೆ. ನಗರದಿಂದ ವಿಮಾನ ನಿಲ್ದಾಣಕ್ಕೆ ಹೋಗುವಾಗ ಈ ಹೆಚ್ಚುವರಿ ಇಲ್ಲ. ದ್ವೀಪದ ಮೂರು ನಿಲ್ದಾಣಗಳ ನಡುವೆ ಓಡಾಡುವುದಂತೂ ಪೂರ್ತಿ ಉಚಿತ. ವಾರದ ದಿನಗಳಲ್ಲಿ ಸಂಜೆ 6.30ರ ನಂತರ ಮತ್ತು ವಾರಾಂತ್ಯದಲ್ಲಿ ಅಲ್ಲಿ ಎಷ್ಟೇ ದೂರ ಹೋದರೂ ಒಂದೇ ವಲಯದ ದರ ಹಿಡಿಯುತ್ತಾರೆ, ಆದರೆ ಆ ಹೊತ್ತಿನಲ್ಲೂ ಈ ಹೆಚ್ಚುವರಿ ಮಾತ್ರ ಹಾಗೆಯೇ ಉಳಿಯುತ್ತದೆ.

ತಿಂಗಳ ಪಾಸು ಇರುವವರಿಗೆ ಈ ಹೆಚ್ಚುವರಿ ಅನ್ವಯಿಸುವುದಿಲ್ಲ. 'ಯು-ಪಾಸ್' ಎಂಬ ವಿದ್ಯಾರ್ಥಿ ಪಾಸಿಗೂ ಇದೇ ವಿನಾಯಿತಿ ಇದೆ. ಅಲ್ಲಿನ ಎರಡು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ 2003ರಲ್ಲಿ ಆರಂಭವಾದ ಈ ಯೋಜನೆಯಲ್ಲಿ, ಅರ್ಹ ವಿದ್ಯಾರ್ಥಿಗಳೆಲ್ಲರೂ ಬೇಕೋ ಬೇಡವೋ ಶುಲ್ಕದ ಜೊತೆಗೇ ಪಾಸಿನ ಹಣವನ್ನೂ ಕಟ್ಟುತ್ತಾರೆ. ಎಲ್ಲರೂ ಕಟ್ಟುವುದರಿಂದಲೇ ತಲಾ ಮೊತ್ತ ಸಾಮಾನ್ಯ ತಿಂಗಳ ಪಾಸಿಗಿಂತ ಬಹಳ ಕಡಿಮೆಯಾಗುತ್ತದೆ. ಇಷ್ಟನ್ನು ಓದಿದವರು ಇನ್ನೇನು ಚಿಂತೆ ಎಂದು ನಿಶ್ಚಿಂತರಾಗುತ್ತಾರೆ.

ತೊಡಕು ಇರುವುದು ಪಂಚಾಂಗದಲ್ಲಿ. ಪಾಸು ನಡೆಯುವುದು ತರಗತಿಗಳಿರುವ ತಿಂಗಳುಗಳಲ್ಲಿ, ಅಂದರೆ ಶರತ್ಕಾಲದ ಅವಧಿಗೆ ಸೇರಿದವರಿಗೆ ಸೆಪ್ಟೆಂಬರ್ 1ರಿಂದ. ಮನೆ ಹುಡುಕಬೇಕು, ಬ್ಯಾಂಕ್ ಖಾತೆ ತೆರೆಯಬೇಕು ಎಂದು ಹೊಸ ವಿದ್ಯಾರ್ಥಿ ಬಂದಿಳಿಯುವುದು ಆಗಸ್ಟ್‌ನಲ್ಲಿ. ಆ ದಿನ ಅವನು ನಿಯಮದ ದೃಷ್ಟಿಯಲ್ಲಿ ವಿದ್ಯಾರ್ಥಿಯೇ ಅಲ್ಲ, ಎರಡು ಸೂಟ್‌ಕೇಸು ಎಳೆದುಕೊಂಡು ಬಂದ ಒಬ್ಬ ಪ್ರವಾಸಿ. ಓದು ಮುಗಿಸಿ ಹೊರಡುವವರಿಗೂ ಅನೇಕ ವೇಳೆ ಹೀಗೆಯೇ ಆಗುತ್ತದೆ: ಕೊನೆಯ ಅವಧಿಯ ಪಾಸು ಮುಗಿದ ಮೇಲೆಯೇ ವಿಮಾನದ ದಿನ ಬರುತ್ತದೆ. ಸೆಮಿಸ್ಟರ್ ನಡೆಯುವಾಗ ವಿಮಾನ ನಿಲ್ದಾಣದ ಕಡೆ ತಲೆ ಹಾಕುವ ವಿದ್ಯಾರ್ಥಿಗಳು ಎಷ್ಟು ಜನ ಇದ್ದಾರು? ಪಾಸು ಚಾಲ್ತಿಯಲ್ಲಿರುವಾಗ ಪ್ರಯಾಣವಿಲ್ಲ, ಪ್ರಯಾಣವಿರುವಾಗ ಪಾಸು ಚಾಲ್ತಿಯಲ್ಲಿಲ್ಲ. ವಿನಾಯಿತಿ ಕೊಟ್ಟವರಿಗೆ ಇದರಿಂದ ಹೆಚ್ಚು ನಷ್ಟವಾಗಿರಲಿಕ್ಕಿಲ್ಲ ಎಂದು ನನಗೆ ಅನ್ನಿಸುವುದುಂಟು.

ಇನ್ನೊಂದು ಸಣ್ಣ ಸಂಗತಿಯೂ ಇದೆ. ಯು-ಪಾಸ್ ಒಮ್ಮೆ ಪಡೆದರೆ ಸದಾ ನಡೆಯುವಂಥದ್ದಲ್ಲ. ಪ್ರತಿ ತಿಂಗಳೂ ಆನ್‌ಲೈನ್‌ನಲ್ಲಿ ಕೇಳಿಕೊಂಡು, ಕಂಪಾಸ್ ಎಂಬ ಅಲ್ಲಿನ ಸಾರಿಗೆ ಕಾರ್ಡಿಗೆ ತುಂಬಿಸಿಕೊಳ್ಳಬೇಕು. ಅದೇ ಕಾರ್ಡಿನಲ್ಲಿ ಬಿಡಿ ಹಣವನ್ನೂ ಇಟ್ಟುಕೊಂಡಿದ್ದು, ಆ ತಿಂಗಳ ಪಾಸು ಕೇಳುವುದನ್ನು ಮರೆತಿದ್ದರೆ, ಗೇಟು ತಕರಾರಿಲ್ಲದೆ ತೆರೆದುಕೊಂಡು ಆ ಹಣದಿಂದಲೇ ದರವನ್ನೂ ಹೆಚ್ಚುವರಿಯನ್ನೂ ಮುರಿದುಕೊಳ್ಳುತ್ತದೆ.

ಷಿಕಾಗೊ ನಗರದ ಪದ್ಧತಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಅಲ್ಲಿನ ಓಹೇರ್ ವಿಮಾನ ನಿಲ್ದಾಣದಿಂದ ಬ್ಲೂ ಲೈನ್ ಹತ್ತುವವರ ಬಿಡಿ ಪ್ರಯಾಣದ ದರವನ್ನು 2013ರಲ್ಲಿ 5 ಡಾಲರ್‌ಗೆ ಏರಿಸಲಾಯಿತು. ಪಾಸು ಇರುವವರಿಗೆ ಆ ಏರಿಕೆ ತಟ್ಟುವುದಿಲ್ಲ, ಆದರೆ ವಿದ್ಯಾರ್ಥಿ ಪಾಸು ಅಲ್ಲಿಯೂ ಕಾಲೇಜಿನ ಅವಧಿಗೆ ಮಾತ್ರ ಸೀಮಿತ. ಲಂಡನ್ನಿನಲ್ಲಿ ಹೀಥ್ರೂ ಇರುವುದು ಆರನೆಯ ವಲಯದಲ್ಲಿ. ಆ ವಲಯವನ್ನು ಒಳಗೊಂಡ ಟ್ರಾವೆಲ್‌ಕಾರ್ಡ್ ಇದ್ದರೆ ಪಿಕ್ಕಡಿಲಿ ಲೈನಿಗಾಗಲಿ ಎಲಿಜಬೆತ್ ಲೈನಿಗಾಗಲಿ ಬೇರೆ ಹಣ ಬೇಡ, ಮತ್ತು ವಿದ್ಯಾರ್ಥಿಯ ಫೋಟೊಕಾರ್ಡ್ ಇದ್ದವರಿಗೆ ಟ್ರಾವೆಲ್‌ಕಾರ್ಡಿನಲ್ಲೇ ಶೇ. 30ರಷ್ಟು ರಿಯಾಯಿತಿ ಸಿಗುತ್ತದೆ.

ಈವರೆಗೆ ಹೇಳಿದ ನಗರಗಳಲ್ಲೆಲ್ಲ ಹೆಚ್ಚುವರಿ ಹಣ ಎನ್ನುವುದು ದರದ ಒಂದು ಭಾಗ. ದರವನ್ನು ಪಾಸು ಭರಿಸುವುದರಿಂದ ಹೆಚ್ಚುವರಿಯೂ ಅದರಲ್ಲೇ ಕರಗುತ್ತದೆ. ಸಿಡ್ನಿಯ ಲೆಕ್ಕಾಚಾರ ಬೇರೆ. ಅಲ್ಲಿನ ಏರ್‌ಪೋರ್ಟ್ ಲೈನ್ 2000ದ ಮೇ ತಿಂಗಳಲ್ಲಿ, ಅದೂ ಒಲಿಂಪಿಕ್ಸ್‌ಗೆ ಮುಂಚೆಯೇ, ತೆರೆದುಕೊಂಡಿತು. ಹಳಿ ಮತ್ತು ರೈಲು ಸರ್ಕಾರದವು, ಆದರೆ ಮಾರ್ಗದ ನಾಲ್ಕು ನಿಲ್ದಾಣಗಳನ್ನು ಖಾಸಗಿ ಕಂಪನಿಯೊಂದಕ್ಕೆ 2030ರವರೆಗೆ ವಹಿಸಲಾಯಿತು. ನಿರೀಕ್ಷಿಸಿದಷ್ಟು ಪ್ರಯಾಣಿಕರು ಬಾರದೆ ಆ ಕಂಪನಿ ಅದೇ ವರ್ಷದ ಕೊನೆಯೊಳಗೆ ಸಾಲ ಕೊಟ್ಟವರ ಹಿಡಿತಕ್ಕೆ ಹೋಯಿತು. ರೈಲಿನ ದರ ರೈಲಿನದ್ದು. ನಿಲ್ದಾಣದ ಗೇಟು ದಾಟಿದ್ದಕ್ಕೆ ಪ್ರತ್ಯೇಕ ಪ್ರವೇಶ ಶುಲ್ಕ. 2011ರ ಮಾರ್ಚ್‌ನಲ್ಲಿ ಸರ್ಕಾರವೇ ಹಣ ಕೊಟ್ಟು ಗ್ರೀನ್ ಸ್ಕ್ವೇರ್ ಮತ್ತು ಮ್ಯಾಸ್ಕಟ್ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಈ ಶುಲ್ಕವನ್ನು ತಪ್ಪಿಸಿತು. ವಿಮಾನ ನಿಲ್ದಾಣದ ಎರಡು ರೈಲು ನಿಲ್ದಾಣಗಳಲ್ಲಿ ಅದು ಇನ್ನೂ ಇದೆ, ವಯಸ್ಕರಿಗೆ 17 ಆಸ್ಟ್ರೇಲಿಯನ್ ಡಾಲರ್‌ಗಿಂತ ಹೆಚ್ಚು. ರಿಯಾಯಿತಿ ಕಾರ್ಡಿನವರಿಗೆ ಉಳಿಯುವುದು ಒಂದೆರಡು ಡಾಲರ್‌ಗಳಷ್ಟೇ. ದಿನಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಕಡಿತವಾಗುವುದಿಲ್ಲ ಎಂಬ, ಅಲ್ಲಿನ ಸಾರಿಗೆ ಕಾರ್ಡಾದ ಓಪಲ್‌ನ ಮಿತಿಯೂ ಈ ಶುಲ್ಕಕ್ಕೆ ಅನ್ವಯಿಸುವುದಿಲ್ಲ. ಶುಲ್ಕಕ್ಕೆಂದೇ ಬೇರೆ ವಾರದ ಮಿತಿಯೊಂದಿದ್ದು, ಅದರಿಂದ ಉಪಯೋಗವಾಗುವುದು ದಿನವೂ ಅಲ್ಲಿಗೆ ಕೆಲಸಕ್ಕೆ ಹೋಗುವವರಿಗೆ. ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಅರೆಕಾಲಿಕ ಕೆಲಸ ಹಿಡಿಯಬೇಕೆಂದಿರುವ ವಿದ್ಯಾರ್ಥಿಗಳು ಸಂಬಳದ ಜೊತೆಗೆ ಈ ಮಿತಿಯನ್ನೂ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಸ್ಟಾಕ್‌ಹೋಮಿನ ಆರ್ಲಾಂಡಾ ವಿಮಾನ ನಿಲ್ದಾಣದಲ್ಲಿಯೂ ಶುಲ್ಕ ಇರುವುದು ಗೇಟಿಗೆ. ನಗರ ಸಾರಿಗೆಯ ಎಸ್‌ಎಲ್ ಸಂಸ್ಥೆಯ ಕಾರ್ಡು, ಅದು ವಿದ್ಯಾರ್ಥಿ ರಿಯಾಯಿತಿಯದ್ದೇ ಆಗಿರಲಿ, ಲೋಕಲ್ ರೈಲಿನಲ್ಲಿ ನಡೆಯುತ್ತದೆ; ಆದರೆ ಭೂಗತ ನಿಲ್ದಾಣದ ತಡೆಗೇಟನ್ನು ದಾಟಲು ನೂರು ಕ್ರೋನಾಗಿಂತ ಹೆಚ್ಚಿನ ಪ್ರತ್ಯೇಕ ಶುಲ್ಕ ತೆರಬೇಕು. ಊರಿನ ವಿದ್ಯಾರ್ಥಿಗಳು ಇದಕ್ಕೆ ಉಪಾಯ ಬಲ್ಲರು: ಅದೇ ಕಾರ್ಡಿನಲ್ಲಿ ಮಾರ್ಸ್ಟಾ ಎಂಬ ನಿಲ್ದಾಣದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ 583ನೇ ನಂಬರಿನ ಬಸ್ಸು ಹಿಡಿಯುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಹಣ ಉಳಿಯುತ್ತದೆ. ಹಾಂಗ್‌ಕಾಂಗ್‌ನಲ್ಲಿ ಆಕ್ಟೋಪಸ್ ಎಂಬ ಸಾರಿಗೆ ಕಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ಅರ್ಧ ದರ ವಿಮಾನ ನಿಲ್ದಾಣದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲಿಗೆ ಇಲ್ಲದಿರುವುದರಿಂದ, ಮೆಟ್ರೊದಲ್ಲಿ ಅರ್ಧ ದರ ಕೊಟ್ಟು ತುಂಗ್ ಚುಂಗ್ ತಲುಪಿ ಅಲ್ಲಿಂದ ಎಸ್1 ಬಸ್ಸು ಹತ್ತುವುದು ರೂಢಿಯ ದಾರಿ.

ವಿಮಾನದಲ್ಲಿ ಬರುವವರು ಸ್ಥಿತಿವಂತರು, ಅವರಿಂದ ನಾಲ್ಕು ಕಾಸು ಹೆಚ್ಚು ತೆಗೆದುಕೊಂಡರೆ ತಪ್ಪಿಲ್ಲ ಎಂಬ ತರ್ಕ ಈ ದರಗಳ ಹಿಂದೆ ಇದೆ. ಕಂಪನಿಯ ಖರ್ಚಿನಲ್ಲಿ ಓಡಾಡುವವರ ಮಟ್ಟಿಗೆ ಅದು ಸರಿಯಿರಬಹುದು. ಸಾಲ ಮಾಡಿ ಟಿಕೆಟ್ ಕೊಂಡು ಬಂದ ವಿದ್ಯಾರ್ಥಿಯೂ ಅದೇ ಸಾಲಿನಲ್ಲಿ ನಿಂತಿರುತ್ತಾನೆ ಎಂಬುದನ್ನು ತರ್ಕ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಾಸಿಗೆ ವಿನಾಯಿತಿ ಕೊಡುವ ನಗರಗಳು, ತರಗತಿಗೆ ಮುಂಚಿನ ಎರಡು ವಾರಗಳನ್ನೂ ಪಾಸಿನ ಅವಧಿಗೆ ಸೇರಿಸಿದ್ದರೆ ಆ ವಿನಾಯಿತಿಗೆ ಅರ್ಥ ಬರುತ್ತಿತ್ತು. ಜರ್ಮನಿಯ ವ್ಯವಸ್ಥೆಯಲ್ಲಿ ಈ ತಲೆನೋವು ಅಷ್ಟಾಗಿ ಇಲ್ಲ. 2024ರ ಬೇಸಿಗೆ ಸೆಮಿಸ್ಟರ್‌ನಿಂದ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು, ದೇಶದಾದ್ಯಂತ ಸ್ಥಳೀಯ ಸಾರಿಗೆಯಲ್ಲಿ ನಡೆಯುವ ತಿಂಗಳ ಪಾಸಾದ ಡಾಯ್ಚ್‌ಲ್ಯಾಂಡ್ ಟಿಕೆಟಿನ ಶೇ. 60ರಷ್ಟು ಬೆಲೆಗೆ ಸೆಮಿಸ್ಟರ್ ಟಿಕೆಟ್ ಕೊಡುತ್ತಿವೆ. ಮ್ಯೂನಿಕ್, ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಗಳ ಎಸ್-ಬಾನ್ ಎಂಬ ಲೋಕಲ್ ರೈಲುಗಳು ಅದರಲ್ಲಿ ಸೇರಿವೆ; ವೇಗದ ಐಸಿಇ ರೈಲುಗಳು ಮಾತ್ರ ಸೇರಿಲ್ಲ.

ಮೊದಲ ದಿನದ ಹೆಚ್ಚುವರಿ ದರವನ್ನು ತಪ್ಪಿಸಿಕೊಳ್ಳುವ ದಾರಿ ಹೆಚ್ಚಿನವರಿಗೆ ಇರುವುದಿಲ್ಲ. ಅದನ್ನು ಖರ್ಚಿನ ಪಟ್ಟಿಯಲ್ಲಿ ಬರೆದುಕೊಂಡುಬಿಡುವುದೇ ಲೇಸು. ನಂತರದ ರಜೆಗಳಲ್ಲಿ ಊರಿಗೆ ಬಂದು ಹೋಗುವಾಗ ಅದನ್ನು ತಪ್ಪಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇರುತ್ತದೆ. ವ್ಯಾಂಕೂವರಿನವರು ಡಿಸೆಂಬರ್‌ನಲ್ಲಿ ಊರಿಗೆ ಬಂದಿದ್ದರೆ ಜನವರಿಯ ಪಾಸಿಗಾಗಿ ಅಲ್ಲಿಗೆ ಮರಳುವವರೆಗೆ ಕಾಯಬೇಕಾಗಿಲ್ಲ. ಕೋರಿಕೆ ಸಲ್ಲಿಸುವುದು ಆನ್‌ಲೈನ್‌ನಲ್ಲೇ ಆದ್ದರಿಂದ, ವಿಮಾನ ಹತ್ತುವ ಮುನ್ನ ಮನೆಯಿಂದಲೇ ಆ ಕೆಲಸ ಮುಗಿಸಿಕೊಂಡು, ಕಂಪಾಸ್ ಕಾರ್ಡನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಂಡರೆ ಸಾಕು.