ಕಲಿಯುವವರ ಹಾಳೆ ಮುಟ್ಟಬಾರದು ಅಂತ ಕಲಿತದ್ದು

ಶಿವಮೊಗ್ಗದಲ್ಲಿ ನಮ್ಮ ಮನೆ ಮಹಡಿಯ ಕೋಣೆಯಲ್ಲಿ ಶನಿವಾರ, ಭಾನುವಾರ ದೊಡ್ಡವರಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಒಂದು ತಂಡಕ್ಕೆ ಆರೇ ಜನ. ಎರಡು ಗಂಟೆಯಲ್ಲಿ ಒಬ್ಬೊಬ್ಬರ ಪಕ್ಕ 20 ನಿಮಿಷ ಕೂರಬೇಕೆಂದರೆ ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಹೈಸ್ಕೂಲು ಮುಗಿದ ಮೇಲೆ ಚಿತ್ರ ಅಂತ ಪೆನ್ಸಿಲ್ ಹಿಡಿಯದವರೇ ಬಹಳ.

ಮೊದಲ ಕ್ಲಾಸಿಗೆ ನಾನಿಡುವುದು ಒಂದು ಹಿತ್ತಾಳೆ ಚೊಂಬು. ಶುರುವಿನ ವರ್ಷ, ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಅದನ್ನು ಬರೆಯುತ್ತಿದ್ದರು. ಬಾಯಿ ಪೂರ್ತಿ ದುಂಡಗೆ, ತಳ ಸ್ಕೇಲಿಟ್ಟ ಹಾಗೆ ನೇರ. ಹೊಸಬರು ಹೆಚ್ಚಾಗಿ ಹೀಗೇ ಬರೆಯುತ್ತಾರೆ. ಬಾಯಿ ದುಂಡು ಅಂತ ಗೊತ್ತು, ತಳ ಮೇಜಿನ ಮೇಲೆ ಸಮ ಕೂತಿದೆ ಅಂತ ಗೊತ್ತು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಕೈ ಆ ಗೊತ್ತಿದ್ದನ್ನೇ ಬರೆಯುತ್ತದೆ. ನಾನು "ಇಲ್ಲಿ ಕೊಡಿ ಸರ್" ಅಂತ ಪೆನ್ಸಿಲ್ ತೆಗೆದುಕೊಂಡು, ರಬ್ಬರ್ ಹಾಕಿ ಉಜ್ಜಿ, ಅರ್ಧ ನಿಮಿಷದಲ್ಲಿ ಎರಡನ್ನೂ ತಿದ್ದಿಕೊಟ್ಟೆ. "ಚೆನ್ನಾಗಾಯ್ತು ಮೇಡಂ" ಅಂದರು.

ಮುಂದಿನ ವಾರ ಅವರ ಪುಸ್ತಕದಲ್ಲಿ ಆ ಹಾಳೆ ಇರಲಿಲ್ಲ. ಕೇಳಿದೆ. "ಮೊಮ್ಮಗಳು, ಇದು ನೀನೇ ಬರ್ದಿದ್ದಾ ಅಜ್ಜ ಅಂದ್ಲು. ಹೌದು ಅನ್ನೋಕೆ ಬಾಯಿ ಬರ್ಲಿಲ್ಲ ಮೇಡಂ."

ಆ ಮಾತು ಬಹಳ ದಿನ ಕಾಡಿತು. ಅವರು ಕಲಿಯಲು ಬಂದಿದ್ದರು, ನಾನು ಬರೆದು ಕಳಿಸಿದ್ದೆ.

ಅವತ್ತೇ ಅದೇ ಚೊಂಬನ್ನು ಅವರ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೆ. ಬಾಯಿ ಬರೀ ಒಂದು ಗೆರೆ. ನಿಧಾನವಾಗಿ ಇಳಿಸುತ್ತಾ ಬಂದೆ. ಗೆರೆ ತೆರೆದುಕೊಂಡು ಮೊಟ್ಟೆಯಾಕಾರವಾಯಿತು, ಇಳಿದಷ್ಟೂ ಅಗಲವಾಯಿತು. "ತಳ ಇನ್ನೂ ಕೆಳಗಿದೆಯಲ್ಲ ಮೇಡಂ, ಹಾಗಾದ್ರೆ ಅದು ಬಾಯಿಗಿಂತ ಜಾಸ್ತಿ ಬಾಗ್ಬೇಕು" ಅಂದವರು ಅವರೇ. ಮತ್ತೆ ಬರೆದರು. ಚೊಂಬಿನ ಒಂದು ಹೆಗಲು ಇನ್ನೊಂದಕ್ಕಿಂತ ಮೇಲಾಯಿತು. ನಾನು ಮುಟ್ಟಲಿಲ್ಲ. ಆ ಹಾಳೆ ಪುಸ್ತಕದಲ್ಲೇ ಉಳಿಯಿತು.

ಅಂದಿನಿಂದ ನನ್ನ ತೊಡೆ ಮೇಲೆ ನನ್ನದೇ ಒಂದು ಪುಸ್ತಕ ಇರುತ್ತದೆ. ತೋರಿಸುವುದೇನಿದ್ದರೂ ಅದರಲ್ಲಿ. ಮೊದಲ ಹತ್ತು ನಿಮಿಷ ಯಾರ ಹತ್ತಿರವೂ ರಬ್ಬರ್ ಇರುವುದಿಲ್ಲ, ಒಂದು ಡಬ್ಬಿಯಲ್ಲಿ ಹಾಕಿಸಿಬಿಡುತ್ತೇನೆ. ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅಲ್ಲಿ ರಬ್ಬರ್ ಎಲ್ಲಿಂದ ಬರಬೇಕು? ಎಳೆದ ಗೆರೆಯನ್ನು ನಂಬಿಯೇ ಮುಂದಿನ ಗೆರೆ ಎಳೆಯಬೇಕು.

ಬಣ್ಣದ ವಿಷಯದಲ್ಲಿ ನನ್ನ ಕೈ ತಡೆಯುವುದು ಇನ್ನೂ ಕಷ್ಟ, ಅದರಲ್ಲೂ ಮಳೆಗಾಲದಲ್ಲಿ. ನಮ್ಮ ಆಷಾಢದ ಹವೆಗೆ ಜಲವರ್ಣ ಬೇಗ ಒಣಗುವುದಿಲ್ಲ. ಹಸಿ ಆಕಾಶದ ಮೇಲೆ ಗುಡ್ಡ ಇಟ್ಟರೆ ಎರಡೂ ಕಲಸಿಹೋಗುತ್ತವೆ. ತೆಳು ಡ್ರಾಯಿಂಗ್ ಶೀಟ್ ಆದರೆ ಹಪ್ಪಳದ ಹಾಗೆ ಮುದುಡುತ್ತದೆ. ಅವರು ಕಂಗಾಲಾಗುತ್ತಾರೆ, ನಾನು ಬ್ರಷ್ ಎತ್ತಿಕೊಳ್ಳುತ್ತೇನೆ. ಹಾಗಾಗಿ ವರ್ಷದ ಪಾಠವನ್ನೇ ಬದಲಾಯಿಸಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆನ್ಸಿಲ್ ಮಾತ್ರ, ನೀರಿನ ಬಣ್ಣ ದೀಪಾವಳಿ ಕಳೆದ ಮೇಲೆ, ಅದೂ 300 ಜಿಎಸ್‌ಎಂನ ದಪ್ಪ ಕಾಗದದಲ್ಲಿ.

ಆಗ ಒಂದು ದಿನ ಎಲ್ಲರನ್ನೂ ಮಂಡಗದ್ದೆಗೆ ಕರೆದುಕೊಂಡು ಹೋಗುತ್ತೇನೆ. ಟ್ಯೂಬಿನ ಹಸಿರನ್ನು ನೇರ ಹಚ್ಚುವ ಅಭ್ಯಾಸ ಬಿಡುವುದು ತುಂಗೆಯ ದಂಡೆಯಲ್ಲಿ ಕೂತಾಗಲೇ. ಹತ್ತಿರದ ಮರದ ಹಸಿರಿಗೆ ಹಳದಿ ಹೆಚ್ಚು ಬೇಕು, ಚಿಟಿಕೆ ಬರ್ಂಟ್ ಸಿಯೆನ್ನಾ, ಅಂದರೆ ಕೆಂಪು ಮಿಶ್ರಿತ ಕಂದು ಬಣ್ಣ, ಸೇರಿಸಿದರೆ ಕಣ್ಣಿಗೆ ಚುಚ್ಚುವುದಿಲ್ಲ. ದೂರದ ಗುಡ್ಡ ಹಸಿರೇ ಅಲ್ಲ, ತೆಳು ನೀಲಿ. ಕಣ್ಣು ಕಿರಿದು ಮಾಡಿ ನೋಡಿ ಅಂದರೆ ಸಾಕು, ಅವರಿಗೇ ಕಾಣುತ್ತದೆ.

ಹೋದ ಸಲ ಅಲ್ಲಿ ಹೊಸಬರೊಬ್ಬರ ಗುಡ್ಡ ಆಕಾಶದೊಳಕ್ಕೆ ಹರಿದುಬಿಟ್ಟಿತು. "ನೀವೇ ಒಂಚೂರು ಸರಿ ಮಾಡಿಕೊಡಿ ಮೇಡಂ" ಅಂತ ಬ್ರಷ್ ನನ್ನ ಕಡೆ ಚಾಚಿದರು. ನಾನು ಉತ್ತರ ಹೇಳುವ ಮೊದಲೇ ಕಂಡಕ್ಟರ್ ಸರ್ ಎದ್ದು ಬಂದು, ತಮ್ಮ ಪುಸ್ತಕ ಬಿಚ್ಚಿಕೊಂಡು ಅವರ ಪಕ್ಕ ಕೂತರು. "ನಾನಿಲ್ಲಿ ಬರೀತೀನಿ, ನೀವಲ್ಲಿ ಬರೀರಿ" ಅಂದರು.