ಹಿಂದಿನ ಚಕ್ರಕ್ಕೆ 32 ಕಡ್ಡಿ

"ಟಣ್" ಅಂತ ಒಂದು ಸದ್ದು ಬಂತು. ರಾತ್ರಿ ಹತ್ತೂವರೆ ಗಂಟೆ. ಹಿರಿಯೂರು ದಾಟಿ ಶಿರಾ ಕಡೆಗೆ ಬರುತ್ತಿದ್ದೆ. ಯಾವುದೋ ಕಲ್ಲು ಸಿಡಿದಿರಬೇಕು ಅಂದುಕೊಂಡು ನಾಲ್ಕು ಸಲ ಪೆಡಲ್ ತುಳಿಯುವಷ್ಟರಲ್ಲಿ ಹಿಂದಿನ ಬ್ರೇಕ್ ಉಜ್ಜಲು ಶುರುವಾಯಿತು. ಇಳಿದು ಟಾರ್ಚ್ ಹಾಕಿ ನೋಡಿದರೆ ಹಿಂದಿನ ಚಕ್ರದ ಎಡಗಡೆಯ ಒಂದು ಕಡ್ಡಿ ನಟ್ಟನಡುವಿನ ಹಬ್ ಹತ್ತಿರವೇ ತುಂಡಾಗಿ ನೇತಾಡುತ್ತಿತ್ತು. ರಿಮ್ ಎಷ್ಟು ಬಲಕ್ಕೆ ವಾಲಿತ್ತೆಂದರೆ ಬ್ರೇಕ್ ಪೂರ್ತಿ ಸಡಿಲ ಮಾಡಿದರೂ ಟೈರ್ ಹೋಗಿ ಫ್ರೇಮಿಗೆ ತಾಗುತ್ತಿತ್ತು.

ಅದು ಬೆಂಗಳೂರು–ಚಿತ್ರದುರ್ಗ–ಬೆಂಗಳೂರು, 400 ಕಿ.ಮೀ. ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಬೆಳಿಗ್ಗೆ ಆರಕ್ಕೆ ಹೊರಟರೆ ಮುಗಿಸಲು 27 ಗಂಟೆ ಕೊಡುತ್ತಾರೆ. ನಾನು ಹದಿನಾರೂವರೆ ಗಂಟೆಯಲ್ಲಿ 270 ಕಿ.ಮೀ. ಮುಗಿಸಿದ್ದೆ. ಉಳಿದಿದ್ದು 130, ಕೈಯಲ್ಲಿ ಹತ್ತೂವರೆ ಗಂಟೆ. ಚಿತ್ರದುರ್ಗದ ಗಾಳಿ ಗೊತ್ತಲ್ವಾ, ಸುಮ್ನೆ ಆ ಗುಡ್ಡಗಳ ತುಂಬ ಗಾಳಿಯಂತ್ರ ನಿಲ್ಲಿಸಿಲ್ಲ. ಅಂಥ ಗಾಳಿಯನ್ನೂ ಎದುರಿಸಿ ಬಂದಿದ್ದೆ. ಕಾಲಲ್ಲಿ ಶಕ್ತಿ ಇತ್ತು, ಹೊಟ್ಟೆ ತುಂಬಿತ್ತು, ನಿದ್ದೆಯೂ ಬಂದಿರಲಿಲ್ಲ. ಒಂದೇ ಒಂದು ಕಡ್ಡಿ ಹೋಯಿತು, ಬ್ರೆವೆ ಅಲ್ಲಿಗೇ ಮುಗಿಯಿತು.

ಶಿರಾವರೆಗೆ ಹತ್ತು ಕಿ.ಮೀ. ಸೈಕಲ್‌ನ ಹಿಂಭಾಗ ಎತ್ತಿ ಹಿಡಿದುಕೊಂಡೇ ನಡೆದೆ. ಒಂದು ಢಾಬಾದ ಮಂಚದ ಮೇಲೆ ರಾತ್ರಿ ಕಳೆದು, ಬೆಳಿಗ್ಗೆ ಏಳೂವರೆಗೆ ಊರೊಳಗಿನ ಒಂದು ಸೈಕಲ್ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದು ಒಳಗೆ ಹೋದೆ. ಆ ಅಣ್ಣ ಚಕ್ರವನ್ನು ಎತ್ತಿ, ತಿರುಗಿಸಿ, ತುಂಡಾದ ಕಡ್ಡಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಸಾರ್, ಇದಕ್ಕೆ ಕಡ್ಡಿ ಎಲ್ಲಿಂದ ತರ್ಲಿ? ತುದೀಲಿ ಬಗ್ಗೇ ಇಲ್ವಲ್ಲ" ಅಂದರು. ಅವರ ಅಂಗಡಿಯ ಗೋಡೆಯಲ್ಲಿ ಕಟ್ಟುಗಟ್ಟಲೆ ಕಡ್ಡಿ ತೂಗುತ್ತಿತ್ತು. ಎಲ್ಲವೂ ಒಂದು ತುದಿಯಲ್ಲಿ ಕೊಕ್ಕೆಯ ಹಾಗೆ ಬಗ್ಗಿರುವ ಮಾಮೂಲಿ ಕಡ್ಡಿಗಳು. ನನ್ನದು ಪಟ್ಟಿಯಂತೆ ಚಪ್ಪಟೆ, ತುದಿ ನೇರ, ಆ ಕಂಪನಿಯ ಆ ಚಕ್ರಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಹೊಂದದ್ದು. ಹಿಂದಿನ ಚಕ್ರದಲ್ಲಿ ಇದ್ದದ್ದೇ 24. ಬೆಂಗಳೂರಿಗೆ ಬಂದ ಮೇಲೂ ಅದೇ ಕಡ್ಡಿ ತರಿಸಿಕೊಳ್ಳಲು ಐದು ವಾರ ಹಿಡಿಯಿತು.

ಆ ಐದು ವಾರದಲ್ಲಿ ನಾನು ಚಕ್ರದ ಬಗ್ಗೆ ಓದಿದಷ್ಟು ಬೇರೆ ಯಾವುದರ ಬಗ್ಗೆಯೂ ಓದಿರಲಿಲ್ಲ. ದೂರದ ಸವಾರಿಗೆ ಚಕ್ರ ಕೊಳ್ಳಬೇಕು ಅಂತಿರುವವರಿಗೆ ನಾನು ಕಲಿತದ್ದನ್ನು ಹೇಳಬೇಕು ಅನಿಸಿತು, ಅದಕ್ಕೇ ಈ ಬರಹ.

ಮೊದಲಿಗೆ, ಕಡ್ಡಿ ಯಾಕೆ ಮುರಿಯುತ್ತದೆ? ಜಾಸ್ತಿ ಬಿಗಿ ಇದ್ದರೆ ಮುರಿಯುತ್ತದೆ ಅಂತ ನಾನೂ ನಂಬಿದ್ದೆ. ನಿಜ ಬಹುತೇಕ ಉಲ್ಟಾ. ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಜಾಗದಲ್ಲಿ ರಿಮ್ ಒಂದು ಕೂದಲೆಳೆಯಷ್ಟು ಒಳಕ್ಕೆ ಒತ್ತುತ್ತದೆ, ಆಗ ಅಲ್ಲಿರುವ ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತದೆ, ಮುಂದಕ್ಕೆ ಉರುಳಿದ ತಕ್ಷಣ ಮತ್ತೆ ಏರುತ್ತದೆ. 28 ಮಿ.ಮೀ. ಟೈರ್ ಹಾಕಿದ ಚಕ್ರದ ಸುತ್ತಳತೆ ಸುಮಾರು 2.13 ಮೀಟರ್. ಅಂದರೆ 600 ಕಿ.ಮೀ. ಸವಾರಿಯಲ್ಲಿ ಪ್ರತಿಯೊಂದು ಕಡ್ಡಿಯೂ ಹತ್ತಿರ ಹತ್ತಿರ 2.8 ಲಕ್ಷ ಸಲ ಸಡಿಲವಾಗಿ ಬಿಗಿಯುತ್ತದೆ. ತಂತಿಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಕೊನೆಗೆ ಮುರಿಯುತ್ತದಲ್ಲ, ಇದೂ ಅದೇ ಥರ. ಮೊದಲೇ ಸಡಿಲ ಇರುವ ಕಡ್ಡಿ ಪ್ರತಿ ಸುತ್ತಿಗೂ ಪೂರ್ತಿ ಜೋಲು ಬೀಳುತ್ತದೆ, ಕೊಕ್ಕೆಯ ಹತ್ತಿರ ಅಲುಗಾಡುತ್ತದೆ, ಅಲ್ಲೇ ಬಿರುಕು ಹುಟ್ಟುತ್ತದೆ. ಬಿಗಿಯಾಗಿ, ಎಲ್ಲ ಕಡೆ ಒಂದೇ ಸಮ ಇರುವ ಕಡ್ಡಿ ವರ್ಷಗಟ್ಟಲೆ ಬಾಳುತ್ತದೆ.

ಹಾಗಾದರೆ ಹಿಂದಿನ ಎಡಗಡೆಯದೇ ಯಾಕೆ ಹೋಯಿತು? ಬಲಗಡೆ ಗೇರಿನ ಹಲ್ಲುಚಕ್ರಗಳಿಗೆ ಜಾಗ ಬೇಕು, ಅದಕ್ಕೆ ಹಬ್ಬಿನ ಬಲ ಅಂಚನ್ನು ಒಳಕ್ಕೆ ತಳ್ಳಿರುತ್ತಾರೆ. ರಿಮ್ ಮಾತ್ರ ನಡುವೆಯೇ ನಿಲ್ಲಬೇಕು. ಹೀಗಾಗಿ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ, ಬಹಳ ಬಿಗಿಯಾಗಿ ಇರುತ್ತವೆ, ಎಡಗಡೆಯವಕ್ಕೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಿಗಿ ಸಿಕ್ಕರೆ ಅದೇ ಹೆಚ್ಚು. ಕಡ್ಡಿಗಳ ಸಂಖ್ಯೆಯೂ ಕಡಿಮೆ ಇದ್ದು, ಮೇಲೆ ನನ್ನಂಥ 84 ಕಿಲೋ ಮನುಷ್ಯ ಬ್ಯಾಗ್, ನೀರು, ಸೈಕಲ್ ಎಲ್ಲ ಸೇರಿಸಿ 100 ಕಿಲೋ ಹೊರೆ ಹಾಕಿದರೆ, ಎಡಗಡೆಯ ಆ 12 ಕಡ್ಡಿಗಳು ಎಷ್ಟು ದಿನ ತಡೆದಾವು?

ನಮ್ಮ ತಾತ ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಾಡುತ್ತಿದ್ದ ಹಳೇ ಸೈಕಲ್‌ನಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇತ್ತು. ನಮ್ಮ ಊರುಗಳ ಕಪ್ಪು ಸೈಕಲ್‌ಗಳೆಲ್ಲ ಹಾಗೇ. ಭಾರ ಬೀಳುವುದು ಹಿಂದೆ, ಅಲ್ಲಿ ಕಡ್ಡಿ ಜಾಸ್ತಿ ಇರಬೇಕು ಅನ್ನುವ ಲೆಕ್ಕ ಅದರಲ್ಲೇ ಇತ್ತು. ನಾನು ಚಿಕ್ಕವನಿದ್ದಾಗ ಆ ಸೈಕಲ್‌ನಲ್ಲಿ ಎರಡು ಕಡ್ಡಿ ಇಲ್ಲದೆಯೇ ತಿಂಗಳುಗಟ್ಟಲೆ ಓಡಿದ್ದು ನೆನಪಿದೆ.

ಈ ನೆನಪೇ ನನ್ನ ತೀರ್ಮಾನಕ್ಕೂ ದಾರಿ ತೋರಿಸಿತು. ದೂರದ ಸವಾರಿಗೆ ಬೇಕಾದ್ದು ಒಂದು ಕಡ್ಡಿ ಹೋದರೂ ಮನೆ ಮುಟ್ಟಿಸುವ ಚಕ್ರ. 32ರಲ್ಲಿ ಒಂದು ಹೋದರೆ ರಿಮ್ ಕೆಲವು ಮಿಲಿಮೀಟರ್ ವಾಲುತ್ತದೆ, ಬ್ರೇಕ್ ಸಡಿಲ ಮಾಡಿಕೊಂಡು ಓಡಿಸಬಹುದು. 20 ಅಥವಾ 24ರಲ್ಲಿ ಒಂದು ಹೋದರೆ ಬಹಳ ಸಲ ಅಲ್ಲೇ ಇಳಿಯಬೇಕಾಗುತ್ತದೆ.

ಹಗುರ ಚಕ್ರ, ಗಾಳಿ ಸೀಳುವ ಎತ್ತರದ ರಿಮ್, ಇವೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ರೇಸ್ ಓಡುವವರಿಗೆ ಅದರಿಂದ ಖಂಡಿತ ಲಾಭ ಇದೆ. ಆದರೆ 600 ಕಿ.ಮೀ. ಬ್ರೆವೆಗೆ 40 ಗಂಟೆ ಕೊಡುತ್ತಾರೆ, ಅಂದರೆ ನಿಲ್ಲುವುದು, ಊಟ, ನಿದ್ದೆ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಅಲ್ಲಿ ಉಳಿಸುವ ಹತ್ತಿಪ್ಪತ್ತು ನಿಮಿಷಕ್ಕಿಂತ ರಾತ್ರಿ ಹನ್ನೆರಡಕ್ಕೆ ರಸ್ತೆ ಪಕ್ಕ ಕೂರದೇ ಇರುವುದು ದೊಡ್ಡದು. ಇನ್ನು ಕಾರ್ಬನ್ ರಿಮ್. ನಮ್ಮ ಹಳ್ಳಿ ರಸ್ತೆಗಳಲ್ಲಿ ಬಣ್ಣ ಇಲ್ಲದ ಹಂಪುಗಳು ಕತ್ತಲಲ್ಲಿ ಕಾಣುವುದೇ ಇಲ್ಲ. ಜೋರಾಗಿ ಬಡಿದಾಗ ಅಲ್ಯೂಮಿನಿಯಂ ರಿಮ್ ಸಾಮಾನ್ಯವಾಗಿ ಬಗ್ಗುತ್ತದೆ, ಹೇಗೋ ಸರಿ ಮಾಡಿಕೊಂಡು ಮುಂದೆ ಹೋಗಬಹುದು, ಕಾರ್ಬನ್ ಆದರೆ ಸೀಳುತ್ತದೆ. ರಿಮ್ ಬ್ರೇಕ್ ಇರುವ ಕಾರ್ಬನ್ ಚಕ್ರದಲ್ಲಿ ಉದ್ದದ ಘಾಟಿ ಇಳಿಯುವಾಗ ಬಿಸಿಯ ಸಮಸ್ಯೆ ಬೇರೆ. ನನ್ನ ದುಡ್ಡು ಅಲ್ಯೂಮಿನಿಯಂಗೇ.

ಕೊನೆಗೆ ನಾನು ಕಟ್ಟಿಸಿದ್ದು ಇದು: ಡಿಟಿ ಸ್ವಿಸ್ ಆರ್ 460 ರಿಮ್, ಶಿಮಾನೊ 105 ಹಬ್, ಹಿಂದೆ ಮುಂದೆ ಎರಡಕ್ಕೂ 32 ಕಡ್ಡಿ, ಹಿತ್ತಾಳೆ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿದು ಹಿಡಿಯುವ ಸಣ್ಣ ನಟ್ಟು). ಮುಂದಕ್ಕೆ 28 ಸಾಕಾಗುತ್ತಿತ್ತು, ಆದರೆ ಎರಡೂ ರಿಮ್ ಒಂದೇ ಆದರೆ ಬದಲಾಯಿಸುವಾಗ ಸುಲಭ ಅಂತ 32 ಮಾಡಿಸಿದೆ. ಎಲ್ಲ ಸೇರಿ 19,000 ರೂಪಾಯಿ ಆಯಿತು. ನೀವು 65–70 ಕಿಲೋ ಒಳಗಿದ್ದು ಬ್ಯಾಗ್ ಜಾಸ್ತಿ ಕಟ್ಟದಿದ್ದರೆ ಹಿಂದೆಯೂ 28 ನಡೆಯುತ್ತದೆ. 80 ದಾಟಿದರೆ 32ಕ್ಕಿಂತ ಕೆಳಗೆ ಇಳಿಯಬೇಡಿ. ಡಿಸ್ಕ್ ಬ್ರೇಕ್ ಸೈಕಲ್ ಆದರೆ ಮುಂದಿನ ಚಕ್ರದ ಮೇಲೂ ಬ್ರೇಕಿನ ಎಳೆತ ಹಬ್‌ನಿಂದ ಕಡ್ಡಿಗಳ ಮೂಲಕವೇ ಹೋಗುತ್ತದೆ, ಹಾಗಾಗಿ ಮುಂದಕ್ಕೂ ಕನಿಷ್ಠ 28 ಇರಲಿ.

ಕಡ್ಡಿಗಳಲ್ಲಿ ನಡುವೆ ತೆಳ್ಳಗಿರುವಂಥದನ್ನು ಆರಿಸಿ. ತುದಿಗಳಲ್ಲಿ 2 ಮಿ.ಮೀ., ನಡುವೆ 1.8. ಡಿಟಿ ಸ್ವಿಸ್ ಕಾಂಪಿಟಿಷನ್, ಸಾಪಿಮ್ ರೇಸ್ ಎರಡೂ ಇದೇ ಅಳತೆಯವು. ತೆಳ್ಳಗಿದ್ದರೆ ಬೇಗ ಮುರಿಯುವುದಿಲ್ಲವಾ ಅಂತ ನಾನೂ ಕೇಳಿದ್ದೆ. ನಡುಭಾಗ ತೆಳ್ಳಗಿದ್ದಾಗ ಅದು ರಬ್ಬರಿನ ಹಾಗೆ ಸ್ವಲ್ಪ ಹಿಗ್ಗುತ್ತದೆ, ಗುಂಡಿಗೆ ಬಿದ್ದಾಗಲೂ ಪೂರ್ತಿ ಜೋಲು ಬೀಳುವುದಿಲ್ಲ, ಕೊಕ್ಕೆಯ ಮೇಲಿನ ಪೆಟ್ಟು ಕಡಿಮೆಯಾಗುತ್ತದೆ. ಹಿತ್ತಾಳೆ ನಿಪ್ಪಲ್ ಯಾಕೆಂದರೆ, ಅಲ್ಯೂಮಿನಿಯಂ ನಿಪ್ಪಲ್ ಕೆಲವು ಗ್ರಾಂ ಹಗುರ ನಿಜ, ಆದರೆ ಮಂಗಳೂರು–ಉಡುಪಿ ಕಡೆಯ ಉಪ್ಪುಗಾಳಿಗೆ ಅದು ಕಡ್ಡಿಗೆ ಕಚ್ಚಿಕೊಂಡು ತಿರುಗುವುದೇ ಇಲ್ಲ, ತಿರುಗಿಸಲು ಹೋದರೆ ಒಡೆದು ಕೈಗೆ ಬರುತ್ತದೆ.

ಇಷ್ಟೆಲ್ಲ ಸಾಮಾನು ಒಳ್ಳೆಯದೇ ತಂದರೂ ಕಟ್ಟುವ ಕೈ ಸರಿ ಇಲ್ಲದಿದ್ದರೆ ಎಲ್ಲ ವ್ಯರ್ಥ. ನನ್ನ ಚಕ್ರ ಕಟ್ಟಿದವರು ಬಸವನಗುಡಿ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಅಪ್ಪಣೆ ಕೇಳಿ ಎರಡು ಸಂಜೆ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಒಂದೊಂದು ನಿಪ್ಪಲ್ ಕೂರುವ ತೂತಿಗೂ ಒಂದೊಂದು ಹನಿ ಎಣ್ಣೆ ಹಾಕಿದರು. ಒಂದು ಕಡ್ಡಿ ಅದೇ ಮಗ್ಗುಲಿನ ಮೂರು ಕಡ್ಡಿಗಳನ್ನು ದಾಟುವ ಹಾಗೆ ಹೆಣೆದರು, ಮೂರನೆಯದರ ಹಿಂದಿನಿಂದ ತೂರಿಸಿದರು. ನಂತರ ಒಂದೊಂದಕ್ಕೂ ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು. ಆತುರವೇ ಇಲ್ಲ. ಆಮೇಲೆ ಎರಡೆರಡು ಕಡ್ಡಿಗಳನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು, ಕೈ ಕೆಂಪಾಗುವಷ್ಟು ಜೋರಾಗಿ ಹಿಂಡಿದರು. ಚಕ್ರದ ಒಳಗಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತಿತ್ತು. "ಇವಾಗ್ಲೇ ಎಲ್ಲಾ ತಮ್ ತಮ್ ಜಾಗದಲ್ಲಿ ಕೂತ್ಕೋಬೇಕು, ರಸ್ತೆ ಮೇಲೆ ಕೂರೋಕೆ ಬಿಡಬಾರದು" ಅಂದರು. ಹಿಂಡಿ, ಮತ್ತೆ ಬೆಂಡ್ ನೋಡಿ, ಮತ್ತೆ ಹಿಂಡಿ, ಹೀಗೆ ನಾಲ್ಕು ಸಲ. ಮೀಟರ್ ಇಟ್ಟು ಬಲಗಡೆ ಎಲ್ಲ 110 ಕಿಲೋ ಎಳೆತದ ಆಸುಪಾಸಿನಲ್ಲಿ ಇದೆ ಅಂತ ತೋರಿಸಿದರು. ಆದರೆ ಅವರು ನಂಬುತ್ತಿದ್ದದ್ದು ಕಿವಿಯನ್ನು. ಉಗುರಿನಿಂದ ಮೀಟಿದರೆ ಒಂದು ಮಗ್ಗುಲಿನ ಕಡ್ಡಿಗಳೆಲ್ಲ ಒಂದೇ ಸ್ವರ ಕೊಡಬೇಕು. ಒಂದು ಕಡೆ ಸ್ವರ ತಗ್ಗಿತು, ಅವರು ಕೀ ಹಾಕುವ ಮೊದಲೇ ನನಗೂ ಅದು ಕೇಳಿಸಿತು. ಆ ಕ್ಷಣ ಆದ ಖುಷಿ ಇನ್ನೂ ಇದೆ.

ಈಗಲೂ ಪ್ರತಿ ಸವಾರಿಯ ಹಿಂದಿನ ರಾತ್ರಿ ಚಕ್ರ ತಿರುಗಿಸಿ ಕಡ್ಡಿಗಳನ್ನು ಒಂದು ಸುತ್ತು ಮೀಟುತ್ತೇನೆ. ಎರಡು ನಿಮಿಷದ ಕೆಲಸ.

ಹಬ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಿಮಾನೊ ಹಬ್‌ನಲ್ಲಿ ಬಿಡಿ ಬಾಲ್ಸ್ ಇರುತ್ತವೆ, ಹಿಂದೆ ಒಂದೊಂದು ಬದಿಗೆ ಕಾಲು ಇಂಚಿನ 9. ಆ ಬಾಲ್ಸ್ ತಾಲ್ಲೂಕು ಊರಿನ ಅಂಗಡಿಯಲ್ಲೂ ಸಿಗುತ್ತವೆ. ಬಿಚ್ಚಿ, ಒರೆಸಿ, ಹೊಸ ಗ್ರೀಸ್ ತುಂಬಿದರೆ ಮತ್ತೆ ಹೊಸದು. ವಾಟರ್ ಸರ್ವಿಸ್‌ನವರ ಪೈಪ್ ಮಾತ್ರ ಹಬ್ ಹತ್ತಿರ ಬರಕೂಡದು.

ನಿಜವಾಗಿ ರಿಮ್ ತಿನ್ನುವುದು ಮಳೆ. ಒಂದು ಜುಲೈನಲ್ಲಿ ಆಗುಂಬೆ ಘಾಟಿ ಇಳಿದೆ, ಆ 14 ತಿರುವು ಮುಗಿಸಿ ಸೋಮೇಶ್ವರ ತಲುಪುವಷ್ಟರಲ್ಲಿ ರಿಮ್ ಮೇಲೆಲ್ಲ ಕಪ್ಪು ರಾಡಿ. ಬ್ರೇಕ್ ರಬ್ಬರ್ ತೆಗೆದು ನೋಡಿದರೆ ಬೆಳ್ಳಿಯ ಚೂರಿನಂತೆ ಅಲ್ಯೂಮಿನಿಯಂ ತುಣುಕುಗಳು ಒಳಗೆ ಹೊಕ್ಕು ಮಿನುಗುತ್ತಿದ್ದವು. ಅವು ಅಲ್ಲೇ ಇದ್ದರೆ ಪ್ರತಿ ಬ್ರೇಕಿಗೂ ರಿಮ್ಮನ್ನು ಕೆರೆಯುತ್ತಾ ಹೋಗುತ್ತವೆ. ಮಳೆ ಸವಾರಿ ಮುಗಿದ ಕೂಡಲೇ ಒಂದು ಪಿನ್ನು ತೆಗೆದುಕೊಂಡು ಕಿತ್ತು ಹಾಕಿ, ರಿಮ್ ಒರೆಸಿ. ರಿಮ್ಮಿನ ಬದಿ ಬೆರಳಿಗೆ ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿದ್ದು ಗೊತ್ತಾದರೆ, ಅಥವಾ ಸವೆತ ತೋರಿಸುವ ಗುರುತು ಅಳಿಸಿದ್ದರೆ, ಆ ರಿಮ್ ಮುಗಿಯಿತು. ಒಳಗಿನ ಗಾಳಿಯ ಒತ್ತಡಕ್ಕೆ ಬದಿ ಸೀಳುವವರೆಗೆ ಕಾಯಬೇಡಿ.

ಟೈರ್ ಸಣ್ಣದಿದ್ದರೂ ಚಕ್ರಕ್ಕೆ ಪೆಟ್ಟು ಜಾಸ್ತಿ. ನಾನು 25 ಮಿ.ಮೀ. ಬಿಟ್ಟು 28ಕ್ಕೆ ಬಂದೆ, ಗಾಳಿಯ ಒತ್ತಡ ಹಿಂದೆ 85 ಪಿಎಸ್‌ಐ, ಮುಂದೆ 75. ನಿಮ್ಮ ಫ್ರೇಮಿನಲ್ಲಿ 32 ಮಿ.ಮೀ. ಟೈರ್ ಹಿಡಿದರೆ ಅದನ್ನೇ ಹಾಕಿ.

ಜೊತೆಗೆ ಏನು ಒಯ್ಯುತ್ತೇನೆ ಅಂತ ಕೇಳುವವರಿದ್ದಾರೆ. ಮುಂದಿನದು, ಹಿಂದಿನ ಎಡ, ಹಿಂದಿನ ಬಲ, ಮೂರರ ಉದ್ದವೂ ಬೇರೆ ಬೇರೆ, ಒಂದೊಂದಕ್ಕೂ ಎರಡು ಕಡ್ಡಿ. ಅವನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಕೊಳವೆಯೊಳಗೆ ಇಳಿಸಿ ಬಿರಡೆ ಹಾಕಿದ್ದೇನೆ, ಸದ್ದೂ ಬರುವುದಿಲ್ಲ. ಒಂದು ಸ್ಪೋಕ್ ಕೀ, ನಾಲ್ಕು ನಿಪ್ಪಲ್. ಹಿಂದಿನ ಬಲಗಡೆಯ ಕಡ್ಡಿ ಹೋದರೆ ಗೇರಿನ ಹಲ್ಲುಚಕ್ರ ಬಿಚ್ಚಬೇಕು, ದಾರಿಯಲ್ಲಿ ಅದು ಕಷ್ಟ, ಅದಕ್ಕೆ ಕೆವ್ಲಾರ್ ದಾರದ ತುರ್ತು ಕಡ್ಡಿಯೊಂದು ಚೀಲದಲ್ಲಿದೆ. ಬದಲಿ ಕಡ್ಡಿ ಇಲ್ಲದಿದ್ದರೂ ಹೆದರಬೇಡಿ. ತುಂಡಾದದ್ದನ್ನು ಪಕ್ಕದ ಕಡ್ಡಿಗೆ ಸುತ್ತಿ ಬಿಡಿ, ಎಲ್ಲೂ ಸಿಕ್ಕಿಕೊಳ್ಳದಿರಲಿ. ಎಡಗಡೆಯದು ಹೋಗಿದ್ದರೆ ಅದರ ಆಚೀಚೆ ಇರುವ ಎರಡು ಬಲಗಡೆ ಕಡ್ಡಿಗಳನ್ನು ಅರ್ಧದಿಂದ ಒಂದು ಸುತ್ತು ಸಡಿಲ ಮಾಡಿ, ರಿಮ್ ನಡುವಿನ ಕಡೆಗೆ ವಾಪಸ್ ಬರುತ್ತದೆ. ಬ್ರೇಕಿನ ಲಿವರ್ ತೆರೆದು ನಿಧಾನಕ್ಕೆ ಹೊರಡಿ. 32 ಕಡ್ಡಿಯ ಚಕ್ರ ಇದನ್ನು ಸಹಿಸುತ್ತದೆ.

ಮುಂದಿನ ವರ್ಷ ಅದೇ ಚಿತ್ರದುರ್ಗದ 400ನ್ನು ಈ ಚಕ್ರದಲ್ಲೇ 24 ಗಂಟೆ 10 ನಿಮಿಷಕ್ಕೆ ಮುಗಿಸಿದೆ. ಆಮೇಲೆ ಎರಡು 600 ಆದವು. ಇವತ್ತಿಗೆ 14,000 ಕಿ.ಮೀ. ಆಗಿದೆ, ಒಂದು ಕಡ್ಡಿಯೂ ಹೋಗಿಲ್ಲ. ಹಿಂದಿನ ರಿಮ್ಮಿನ ಸವೆತದ ಗುರುತು ಮಾತ್ರ ಬೆರಳಿಗೆ ಸಿಗುವುದೇ ಕಷ್ಟವಾಗಿದೆ. ಅದೇ ರಿಮ್ ಇನ್ನೊಂದು ತಂದಿಟ್ಟಿದ್ದೇನೆ. ಅಳತೆ ಒಂದೇ ಆದ್ದರಿಂದ ಹೊಸದನ್ನು ಹಳೆಯದರ ಪಕ್ಕಕ್ಕೆ ಟೇಪ್ ಹಾಕಿ ಕಟ್ಟಿ, ಒಂದೊಂದೇ ಕಡ್ಡಿಯನ್ನು ಇದರಿಂದ ಅದಕ್ಕೆ ದಾಟಿಸಬಹುದು. ಹಬ್ ಅದೇ, ಕಡ್ಡಿಗಳೂ ಅವೇ. ಬರುವ ಭಾನುವಾರ ಬಸವನಗುಡಿಗೆ ಹೋಗುತ್ತಿದ್ದೇನೆ. ಈ ಸಲ ಕೀ ನನ್ನ ಕೈಯಲ್ಲಿ ಕೊಟ್ಟು ತಾವು ಸ್ಟೂಲ್ ಮೇಲೆ ಕೂರುತ್ತಾರಂತೆ.